ಸಾಲ ಸೊಸೈಟಿಯಲ್ಲಿ, ಠೇವಣಿ ಎಲ್ಲಿ?

ಊರಿನ ಸೊಸೈಟಿ ಹೇಗೆ ಎಂದು ಗ್ರಾಹಕರನ್ನು ಕೇಳಿದರೆ ಬರುವ ಉತ್ತರ, ಅವರು ಕೌಂಟರಿನ ಮುಂದೆ ಯಾತಕ್ಕೆ ನಿಂತಿದ್ದರು ಎನ್ನುವುದರ ಮೇಲಿರುತ್ತದೆ. ಮಗಳ ಕಾಲೇಜು ಫೀಸಿಗೆ ಬೆಳಿಗ್ಗೆ ಬಳೆ ಕೊಟ್ಟು ಮಧ್ಯಾಹ್ನಕ್ಕೆ ದುಡ್ಡು ಎಣಿಸಿಕೊಂಡವರು ‘ಬ್ಯಾಂಕಿನವರು ಇವರನ್ನು ನೋಡಿ ಕಲೀಬೇಕು’ ಎನ್ನುತ್ತಾರೆ. ನಿವೃತ್ತಿಯ ಇಡುಗಂಟನ್ನು ಹೆಚ್ಚು ಬಡ್ಡಿಯ ಆಸೆಗೆ ಅಲ್ಲಿಟ್ಟು, ಅವಧಿ ಮುಗಿದ ಮೇಲೂ ‘ಮುಂದಿನ ತಿಂಗಳು ಬನ್ನಿ’ ಎಂಬ ಮಾತು ಕೇಳಿಸಿಕೊಂಡವರು ಆ ಬೀದಿಗೇ ಕಾಲಿಡುವುದಿಲ್ಲ. ಇಬ್ಬರೂ ಒಂದೇ ಸೊಸೈಟಿಯ ಸದಸ್ಯರಾಗಿರಬಹುದು. ಸಾಲ ಕೊಟ್ಟಾಗ ಅಪಾಯ ಸೊಸೈಟಿಯದು, ಠೇವಣಿ ಇಟ್ಟಾಗ ಅಪಾಯ ನಮ್ಮದು. ಹಾಗಾಗಿ ‘ಬ್ಯಾಂಕೋ ಸೊಸೈಟಿಯೋ’ ಎಂದು ಒಟ್ಟಾರೆ ಕೇಳುವ ಬದಲು ಯಾವ ಕೆಲಸಕ್ಕೆ ಯಾವುದು ಎಂದು ಬಿಡಿಸಿ ನೋಡುವುದು ಒಳ್ಳೆಯದು. ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ: ಸಾಲಕ್ಕೆ ಊರಿನ ಸೊಸೈಟಿಯೇ ನನ್ನ ಮೊದಲ ಆಯ್ಕೆ. ದೊಡ್ಡ ಠೇವಣಿಗೆ ಅಲ್ಲ.

ಬೋರ್ಡು ಓದುವುದು

ನಾವು ‘ಸೊಸೈಟಿ’ ಎಂದು ಒಟ್ಟಿಗೆ ಕರೆಯುವುದರಲ್ಲಿ ಕಾನೂನಿನ ಕಣ್ಣಿಗೆ ನಾಲ್ಕೈದು ಬೇರೆ ಬೇರೆ ಸಂಸ್ಥೆಗಳಿವೆ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಶುರುಮಾಡಿದ್ದು ರೈತರ ಪತ್ತಿನ ಸಂಘ. ಅದರ ಮುಂದಿನ ಪೀಳಿಗೆಯೇ ಇಂದು ಹಳ್ಳಿಗಳಲ್ಲಿ ಕಾಣುವ ವಿಎಸ್‌ಎಸ್‌ಎನ್, ಅಂದರೆ ವ್ಯವಸಾಯ ಸೇವಾ ಸಹಕಾರ ಸಂಘ. ಇದರ ಬೆನ್ನಿಗೆ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು, ಜನರ ಬಾಯಲ್ಲಿ ಡಿಸಿಸಿ ಬ್ಯಾಂಕು, ಇರುತ್ತದೆ. ಪಟ್ಟಣದಲ್ಲಿ ನೌಕರರದ್ದೋ ವರ್ತಕರದ್ದೋ ಸಮುದಾಯದ್ದೋ ಆಗಿರುವ ‘ಪತ್ತಿನ ಸಹಕಾರ ಸಂಘ’ಗಳು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾದವು. ಹೆಸರಿನಲ್ಲಿ ‘ಸೌಹಾರ್ದ’ ಎಂದಿದ್ದರೆ 1997ರ ಸೌಹಾರ್ದ ಕಾಯ್ದೆ. ಇವುಗಳ ಮೇಲೆ ಸರ್ಕಾರದ ಹಿಡಿತ ಕಡಿಮೆ, ಸ್ವಾಯತ್ತತೆ ಜಾಸ್ತಿ. ‘ಮಲ್ಟಿಸ್ಟೇಟ್’ ಎಂದಿದ್ದರೆ ಅದು 2002ರ ಕೇಂದ್ರ ಕಾಯ್ದೆಯಡಿ ಬರುತ್ತದೆ. ಅದರ ನಿಬಂಧಕರು ಕೂರುವುದು ದೆಹಲಿಯಲ್ಲಿ.

ಇವೆಲ್ಲದರಿಂದ ಬೇರೆಯಾಗಿ ನಿಲ್ಲುವುದು ಪಟ್ಟಣ ಸಹಕಾರಿ ಬ್ಯಾಂಕು. ಅದೂ ಸದಸ್ಯರದ್ದೇ ಸಂಸ್ಥೆ, ಅಲ್ಲಿಯೂ ಒಬ್ಬರಿಗೆ ಒಂದೇ ಮತ. ಆದರೆ ಅದಕ್ಕೆ ರಿಸರ್ವ್ ಬ್ಯಾಂಕಿನ ಪರವಾನಗಿ ಇರುತ್ತದೆ, ಠೇವಣಿಗೆ ವಿಮೆ ಇರುತ್ತದೆ. ಪತ್ತಿನ ಸಂಘ, ಬ್ಯಾಂಕಲ್ಲದ ಸೌಹಾರ್ದ ಸಹಕಾರಿ, ವಿಎಸ್‌ಎಸ್‌ಎನ್‌ಗಳಿಗೆ ಇವೆರಡೂ ಇಲ್ಲ. ಪರವಾನಗಿ ಇಲ್ಲದ ಸಂಘಗಳು ‘ಬ್ಯಾಂಕ್’ ಎಂಬ ಪದವನ್ನು ಹೆಸರಿನಲ್ಲಿ ಬಳಸುವಂತಿಲ್ಲ. ಕೆಲವು ಬಳಸುತ್ತಿವೆ, ಸದಸ್ಯರಲ್ಲದವರಿಂದಲೂ ಠೇವಣಿ ಪಡೆಯುತ್ತಿವೆ ಎಂದು 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕೇ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತ್ತು. ಗಾಜಿನ ಬಾಗಿಲು, ಎಸಿ, ಟೋಕನ್ ಯಂತ್ರ, ಟೈ ಕಟ್ಟಿದ ಹುಡುಗರು ಎಲ್ಲ ಎರಡೂ ಕಡೆ ಒಂದೇ ತರಹ ಇರುವುದರಿಂದ ಒಳಗೆ ಹೋದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಠೇವಣಿ ವಿಮೆಯ ಮಾತು ಇದೆಯೇ ನೋಡಿ. ಅನುಮಾನವಿದ್ದರೆ ಠೇವಣಿ ವಿಮಾ ನಿಗಮದ ಜಾಲತಾಣದಲ್ಲಿ ವಿಮೆ ಇರುವ ಬ್ಯಾಂಕುಗಳ ಪಟ್ಟಿಯೇ ಇದೆ. ಅದರಲ್ಲಿ ಹೆಸರು ಸಿಗದಿದ್ದರೆ ಅದು ಬ್ಯಾಂಕಲ್ಲ.

ಕೌಂಟರಿನ ಮುಂದೆ

ಸೊಸೈಟಿಗಳು ಗೆಲ್ಲುವುದು ಇಲ್ಲಿ, ಅದೂ ಸುಲಭವಾಗಿ. ಕರಾವಳಿಯವರಿಗೆ ಇದು ವಿಶೇಷವಾಗಿ ಅರ್ಥವಾಗುತ್ತದೆ. ಅವರ ನೆಲದಲ್ಲೇ ಹುಟ್ಟಿ ಬೆಳೆದ ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಹಳೇ ಮೈಸೂರಿನವರ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲೇ ಎಸ್‌ಬಿಐ ಆಗಿತ್ತು. ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಚೆಕ್ ಪುಸ್ತಕ ಬದಲಾದದ್ದು ಕೆಲವು ತಿಂಗಳ ತಲೆನೋವು. ಕೌಂಟರಿನ ಆಚೆ ಕೂತವರಿಗೆ ಕನ್ನಡ ಬಾರದಿರುವುದು ಇಂದಿಗೂ ಮುಗಿಯದ ತಲೆನೋವು. ಚಲನ್ ತುಂಬಲು ಬಾರದ ಅಜ್ಜಿಯೊಬ್ಬರು ‘ನನ್ ಪಿಂಚಣಿ ಬಂತಾ ಮಗಾ’ ಎಂದು ಕೇಳಿದರೆ ಉತ್ತರ ಹಿಂದಿಯಲ್ಲಿ ಬರುವ ಶಾಖೆಗಳು ಎಷ್ಟಿವೆ ಎಂದು ನಿಮಗೇ ಗೊತ್ತು.

ಸೊಸೈಟಿಯಲ್ಲಿ ಸೆಕ್ರೆಟರಿಗೆ ನಿಮ್ಮ ಅಪ್ಪನ ಹೆಸರು ಗೊತ್ತಿರುತ್ತದೆ. ‘ಏನ್ ಸಾರ್, ಈ ಸಲ ಅಡಿಕೆ ಎಷ್ಟಾಯ್ತು?’ ಎಂಬ ಪ್ರಶ್ನೆಯಲ್ಲಿ ಅರ್ಧ ಕುಶಲ, ಅರ್ಧ ನಿಮ್ಮ ಮರುಪಾವತಿಯ ಲೆಕ್ಕಾಚಾರ. ಈ ಪರಿಚಯದ ಇನ್ನೊಂದು ಮುಖವನ್ನು ಹೊಗಳುವವರು ಮರೆಯುತ್ತಾರೆ. ನಿಮ್ಮ ಖಾತೆಯಲ್ಲಿ ಎಷ್ಟಿದೆ, ಯಾವ ಒಡವೆ ಅಡವಿಗೆ ಹೋಗಿದೆ, ಯಾವ ಕಂತು ತಪ್ಪಿದೆ ಎಂಬುದು ಕೂಡ ಊರಿಗೆ ಗೊತ್ತಾಗುವ ಸಾಧ್ಯತೆ ಇದೆ. ಬೀಗರಿಗೆ ಗೊತ್ತಾಗಬಾರದ ಸಾಲವಿದ್ದರೆ ಪಕ್ಕದ ಪಟ್ಟಣದ ದೊಡ್ಡ ಬ್ಯಾಂಕೇ ಮೇಲು.

ಪಿಗ್ಮಿಯ ವಿಷಯವನ್ನೂ ಇಲ್ಲೇ ಹೇಳಬೇಕು. ದಿನವೂ ಅಂಗಡಿ ಬಾಗಿಲಿಗೆ ಬಂದು ಚಿಲ್ಲರೆ ಉಳಿತಾಯ ಒಯ್ಯುವ ಈ ಪದ್ಧತಿಯನ್ನು 1928ರಲ್ಲಿ ಶುರುಮಾಡಿದ್ದು ಡಾ. ಟಿ.ಎಂ.ಎ. ಪೈ ಮತ್ತು ಗೆಳೆಯರು ಕಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ. ಈಗ ಅದನ್ನು ಜೀವಂತವಾಗಿ ಇಟ್ಟಿರುವುದು ಹೆಚ್ಚಾಗಿ ಸೊಸೈಟಿಗಳು ಮತ್ತು ಸಣ್ಣ ಸಹಕಾರಿ ಬ್ಯಾಂಕುಗಳು. ಹೂವಿನವರು, ಹೋಟೆಲಿನವರು, ಆಟೊದವರು ಇದನ್ನು ಬಿಡದಿರುವುದಕ್ಕೆ ಕಾರಣ ಬಡ್ಡಿಯಲ್ಲ. ಸಂಜೆ ಬಂದು ನಿಲ್ಲುವ ಮನುಷ್ಯನಿಗೆ ‘ಇವತ್ತು ಇಲ್ಲ’ ಎನ್ನಲು ಸಂಕೋಚ, ಆ ಸಂಕೋಚವೇ ಉಳಿತಾಯ. ಆರು ತಿಂಗಳೋ ವರ್ಷವೋ ತುಂಬುವ ಮೊದಲು ಮುರಿದರೆ ಕಮಿಷನ್ ಎಂದು ಒಂದಿಷ್ಟು ಹಿಡಿದುಕೊಳ್ಳುತ್ತಾರೆ, ಆ ನಿಯಮವನ್ನು ಮೊದಲೇ ಕೇಳಿಕೊಳ್ಳಿ. ಸಂಗ್ರಾಹಕರು ಕೊಡುವ ಚೀಟಿಗೂ ಶಾಖೆಯ ಲೆಕ್ಕಕ್ಕೂ ತಾಳೆ ಇದೆಯೇ ಎಂದು ತಿಂಗಳಿಗೊಮ್ಮೆ ಶಾಖೆಗೇ ಹೋಗಿ ನೋಡುವುದು ಅವರ ಮೇಲಿನ ಅಪನಂಬಿಕೆ ಏನಲ್ಲ.

ಸಾಲ: ಬೇಗ ಸಿಗುತ್ತದೆ, ಲೆಕ್ಕ ನಿಧಾನಕ್ಕೆ ಅರ್ಥವಾಗುತ್ತದೆ

ಸಣ್ಣ ವ್ಯಾಪಾರಸ್ಥರಿಗೆ ದೊಡ್ಡ ಬ್ಯಾಂಕಿನಲ್ಲಿ ಸಾಲ ಸಿಗದಿರಲು ಕಾರಣ ಬಹುಪಾಲು ಕಾಗದ. ಮೂರು ವರ್ಷದ ಆದಾಯ ತೆರಿಗೆ ವಿವರ, ಜಿಎಸ್‌ಟಿ, ಹಳೆಯ ಸಾಲ ಹೇಗೆ ತೀರಿಸಿದ್ದೀರಿ ಎಂದು ಹೇಳುವ ಸಿಬಿಲ್ ಅಂಕ. ಸೊಸೈಟಿಯಲ್ಲಿ ಇವುಗಳ ಜಾಗದಲ್ಲಿ ಇಬ್ಬರು ಜಾಮೀನುದಾರರು ಇರುತ್ತಾರೆ. ಅವರೂ ಸದಸ್ಯರಾಗಿರಬೇಕು, ಸಂಬಳದವರಾದರೆ ಇನ್ನೂ ಒಳ್ಳೆಯದು. ನಿರ್ದೇಶಕರ ಮಂಡಳಿಯ ಸಭೆಯಲ್ಲಿ ನಿಮ್ಮ ಅರ್ಜಿ ಬಂದಾಗ ‘ಗೊತ್ತು, ಒಳ್ಳೆ ಜನ’ ಎಂದು ಒಬ್ಬರು ಹೇಳಿದರೆ ಅರ್ಧ ಕೆಲಸ ಆದಂತೆ. ಯಾರೂ ಹೇಳದಿದ್ದರೆ ಅರ್ಜಿ ಮುಂದಿನ ಸಭೆಗೆ ಹೋಗುತ್ತದೆ. ಊರಿಗೆ ಹೊಸಬರಾದವರಿಗೆ, ಯಾವ ಗುಂಪಿಗೂ ಸೇರದವರಿಗೆ ಈ ವ್ಯವಸ್ಥೆ ಅಷ್ಟೇನೂ ಪ್ರೀತಿ ತೋರಿಸುವುದಿಲ್ಲ. ಬ್ಯಾಂಕಿನ ನಿರ್ಲಿಪ್ತತೆಯಲ್ಲಿ ಅಂಥವರಿಗೆ ಒಂದು ನ್ಯಾಯವಿದೆ.

ಈ ಜಾಮೀನಿನ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಸೊಸೈಟಿ ಎಂದರೆ ಮುಖ ಸಿಂಡರಿಸುವವರಲ್ಲಿ ಅನೇಕರು ಸಾಲಗಾರರೂ ಅಲ್ಲ, ಠೇವಣಿದಾರರೂ ಅಲ್ಲ, ಜಾಮೀನು ಹಾಕಿದವರು. ನೀವು ಸದಸ್ಯರಾದ ಮೇಲೆ ‘ಒಂದು ಸೈನ್ ಅಷ್ಟೇ ಭಾವ’ ಎಂದು ಬರುವವರು ಬಂದೇ ಬರುತ್ತಾರೆ. ಆ ಸಹಿ ಹಾಕಿದ ದಿನದಿಂದ ಆ ಸಾಲ ಕಾನೂನಿನ ಪ್ರಕಾರ ನಿಮ್ಮದೂ ಹೌದು. ಸಾಲಗಾರ ಸುಸ್ತಿಯಾದರೆ ಸಹಕಾರ ಇಲಾಖೆಯಲ್ಲಿ ದಾವೆ ಹೂಡುವಾಗ ನಿಮ್ಮ ಹೆಸರೂ ಇರುತ್ತದೆ, ತೀರ್ಪಿನ ಅಮಲು ನಿಮ್ಮ ಸಂಬಳದವರೆಗೂ ಬರಬಹುದು. ಮೂಲ ಸಾಲಗಾರನಿಗೆ ಆಸ್ತಿ ಇಲ್ಲದಿದ್ದರೆ ಸೊಸೈಟಿ ಮೊದಲು ನೋಡುವುದು ಸಂಬಳ ಎಣಿಸುವ ಜಾಮೀನುದಾರನ ಕಡೆಗೇ. ನೀವು ಇಂದು ಬೇರೆಯವರಿಗೆ ಹಾಕಿದ ಜಾಮೀನು ನಾಳೆ ನಿಮ್ಮ ಸ್ವಂತ ಸಾಲದ ಮಿತಿಯನ್ನೂ ಕಡಿಮೆ ಮಾಡಬಹುದು. ‘ನಮ್ಮ ಮನೇಲಿ ಒಪ್ಪಲ್ಲ ಮಾರಾಯ’ ಎನ್ನುವುದು ಸಂಬಂಧ ಕೆಡದೆ ನಿರಾಕರಿಸಲು ಊರಲ್ಲಿ ಚಾಲ್ತಿಯಲ್ಲಿರುವ ದಾರಿ. ಬಳಸಿಕೊಳ್ಳಲು ನಾಚಿಕೆ ಬೇಡ.

ಇನ್ನು ಬಡ್ಡಿ. ‘ಬರೀ ಶೇ 12’ ಎಂದವರನ್ನು ಫ್ಲ್ಯಾಟೋ ಇಳಿಕೆ ಬಾಕಿಯೋ ಎಂದು ಕೇಳಲೇಬೇಕು. ಫ್ಲ್ಯಾಟ್ ಎಂದರೆ ಕೊನೆಯವರೆಗೂ ಪೂರ್ತಿ ಸಾಲದ ಮೇಲೆ ಬಡ್ಡಿ, ಇಳಿಕೆ ಬಾಕಿ ಎಂದರೆ ಕಟ್ಟಿದ ಮೇಲೆ ಉಳಿದ ಅಸಲಿನ ಮೇಲೆ ಮಾತ್ರ. 1 ಲಕ್ಷ ರೂಪಾಯಿ ಮೂರು ವರ್ಷಕ್ಕೆ ಎಂದುಕೊಳ್ಳಿ. ಇಳಿಕೆ ಬಾಕಿಯ ಮೇಲೆ ಶೇ 12 ಆದರೆ ತಿಂಗಳ ಕಂತು ಸುಮಾರು 3,321 ರೂ, ಒಟ್ಟು ಬಡ್ಡಿ 19,600ರ ಆಸುಪಾಸು. ಫ್ಲ್ಯಾಟ್ ಶೇ 12 ಆದರೆ ಕಂತು 3,778 ರೂ, ಬಡ್ಡಿ 36,000. ಬ್ಯಾಂಕಿನ ಲೆಕ್ಕದಲ್ಲಿ ಹೇಳುವುದಾದರೆ ಇದು ಶೇ 21ಕ್ಕೂ ಮೇಲಿನ ಸಾಲ. ಕೌಂಟರಿನ ಗಾಜಿಗೆ ಅಂಟಿಸಿದ ದರ ನೋಡಿ ಹೋಲಿಸಬೇಡಿ. ತಿಂಗಳ ಕಂತು ಎಷ್ಟು, ಎಷ್ಟು ಕಂತು ಎಂದು ಚೀಟಿಯಲ್ಲಿ ಬರೆಸಿಕೊಂಡು ಗುಣಿಸಿ ನೋಡಿ.

ಷೇರಿನ ಹಣವನ್ನೂ ಸೇರಿಸಿಕೊಳ್ಳಿ. ಸಾಲದ ಮೊತ್ತಕ್ಕೆ ತಕ್ಕಂತೆ ಷೇರು ಕೊಳ್ಳಬೇಕು ಎನ್ನುವುದು ಸಹಕಾರಿ ವಲಯದ ಹಳೇ ಪದ್ಧತಿ. ಪಟ್ಟಣ ಸಹಕಾರಿ ಬ್ಯಾಂಕುಗಳಲ್ಲಿ ಆಧಾರವಿರುವ ಸಾಲಕ್ಕೆ ಶೇ 2.5, ಆಧಾರವಿಲ್ಲದ್ದಕ್ಕೆ ಶೇ 5 ವಾಡಿಕೆಯ ಪ್ರಮಾಣ. 5 ಲಕ್ಷದ ಆಧಾರರಹಿತ ಸಾಲದಲ್ಲಿ 25,000 ಹಾಗೆ ಹೋದರೆ ಕೈಗೆ ಬರುವುದು 4.75 ಲಕ್ಷ, ಬಡ್ಡಿ ಮಾತ್ರ 5 ಲಕ್ಷಕ್ಕೆ. ಒಳ್ಳೆಯ ಸಂಸ್ಥೆಯಾದರೆ ಷೇರಿಗೆ ವರ್ಷ ವರ್ಷ ಡಿವಿಡೆಂಡ್ ಬರುತ್ತದೆ, ಸಾಲ ತೀರಿದ ಮೇಲೆ ಷೇರು ಹಿಂದಿರುಗಿಸಲು ಅರ್ಜಿ ಕೊಡಬಹುದು. ನಷ್ಟದಲ್ಲಿರುವ ಸಂಸ್ಥೆಯಾದರೆ ಆ ಹಣವನ್ನು ಮರೆಯಬೇಕಾಗಬಹುದು.

ಚಿನ್ನದ ಸಾಲದಲ್ಲಿ ಸೊಸೈಟಿಯ ವೇಗಕ್ಕೆ ಸಾಟಿ ಇಲ್ಲ ಎನ್ನುವ ಮಾತು ಈಗ ಪೂರ್ತಿ ನಿಜವಲ್ಲ, ಬ್ಯಾಂಕುಗಳೂ ಅದೇ ದಿನ ಕೊಡುತ್ತಿವೆ. ಜೊತೆಗೆ ರಿಸರ್ವ್ ಬ್ಯಾಂಕಿನ 2025ರ ಹೊಸ ನಿರ್ದೇಶನಗಳು ಬ್ಯಾಂಕು, ಸಹಕಾರಿ ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಅನ್ವಯಿಸುತ್ತವೆ: 2.5 ಲಕ್ಷದವರೆಗಿನ ಸಾಲಕ್ಕೆ ಒಡವೆಯ ಬೆಲೆಯ ಶೇ 85ರವರೆಗೆ ಕೊಡಬಹುದು, ಸಾಲ ತೀರಿದ ಏಳು ಕೆಲಸದ ದಿನಗಳೊಳಗೆ ಒಡವೆ ವಾಪಸ್ ಕೊಡದಿದ್ದರೆ ದಿನಕ್ಕೆ 5,000 ರೂ ಪರಿಹಾರ. ಪತ್ತಿನ ಸಂಘಗಳು ಈ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಅಡವಿಡುವಾಗ ಪ್ರತಿ ಒಡವೆಯ ತೂಕ, ಕಲ್ಲಿನ ತೂಕ, ಶುದ್ಧತೆ ರಸೀದಿಯಲ್ಲಿ ಬೇರೆ ಬೇರೆಯಾಗಿ ಬರೆದಿದೆಯೇ ನೋಡಿ, ಫೋನಿನಲ್ಲಿ ಒಡವೆಯ ಫೋಟೊ ತೆಗೆದುಕೊಳ್ಳಿ.

ರೈತರ ವಿಷಯಕ್ಕೆ ಬಂದರೆ ಹೋಲಿಕೆಯೇ ಬೇಡ, ವಿಎಸ್‌ಎಸ್‌ಎನ್ ಗೆದ್ದಾಯಿತು. 2023–24ರ ರಾಜ್ಯ ಬಜೆಟ್ಟಿನಲ್ಲಿ ಸಹಕಾರ ಸಂಘಗಳ ಮೂಲಕ ಕೊಡುವ ಶೂನ್ಯ ಬಡ್ಡಿ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ, ಶೇ 3ರ ಮಧ್ಯಮ ಮತ್ತು ದೀರ್ಘಾವಧಿ ಸಾಲವನ್ನು 15 ಲಕ್ಷಕ್ಕೆ ಏರಿಸಲಾಯಿತು. ರಾಷ್ಟ್ರೀಕೃತ ಬ್ಯಾಂಕಿನ ಕಿಸಾನ್ ಕಾರ್ಡಿನಲ್ಲಿ ಸಮಯಕ್ಕೆ ಕಟ್ಟಿದರೂ ಶೇ 4 ಬೀಳುತ್ತದೆ. ಆದರೆ 5 ಲಕ್ಷ ಎನ್ನುವುದು ಗರಿಷ್ಠ ಮಿತಿ. ನಿಮಗೆ ಎಷ್ಟು ಎನ್ನುವುದು ಪಹಣಿಯ ಎಕರೆ, ಬೆಳೆ, ಡಿಸಿಸಿ ಬ್ಯಾಂಕಿನಲ್ಲಿ ಹಣದ ಲಭ್ಯತೆ, ಇವುಗಳ ಮೇಲೆ ನಿಂತಿದೆ. ಹಲವರಿಗೆ ಕೈಗೆ ಬರುವುದು ಅದರ ಒಂದು ಚೂರು. ಅವಧಿ ಮೀರಿದರೆ ಶೂನ್ಯ ಬಡ್ಡಿ ಹೋಗಿ ಪೂರ್ತಿ ಬಡ್ಡಿ ಬೀಳುತ್ತದೆ. ಅದಕ್ಕೇ ಗಡುವು ಹತ್ತಿರವಾದಂತೆ ಹಳ್ಳಿಗಳಲ್ಲಿ ಎರಡು ದಿನದ ಕೈಗಡದ ಓಡಾಟ ನಡೆಯುವುದು: ಯಾರದೋ ಹಣ ತಂದು ಸಾಲ ಕಟ್ಟಿ, ಹೊಸ ಸಾಲ ಬಂದ ಕೂಡಲೇ ಅವರಿಗೆ ವಾಪಸ್. ಆ ಎರಡು ದಿನಕ್ಕೆ ಕೈಗಡದವರು ತೆಗೆದುಕೊಳ್ಳುವ ‘ಖರ್ಚು’ ಕೂಡ ಶೂನ್ಯ ಬಡ್ಡಿ ಸಾಲದ ಬಡ್ಡಿಯೇ. ಆದರೂ ಒಟ್ಟು ಲೆಕ್ಕದಲ್ಲಿ ಇದು ಅಗ್ಗ. ಇನ್ನೊಂದು ಲಾಭ ಯಶಸ್ವಿನಿ. 2022–23ರಲ್ಲಿ ಮರುಜೀವ ಪಡೆದ ಈ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯರ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಇದೆ. ಸಾಲವೇ ಬೇಡದವರೂ ಇದಕ್ಕಾಗಿ ಸದಸ್ಯತ್ವ ಉಳಿಸಿಕೊಂಡಿದ್ದಾರೆ, ಅದು ಜಾಣತನ.

ಒಂದು ಕೊರತೆ ಬಹಳ ತಡವಾಗಿ ಗೊತ್ತಾಗುತ್ತದೆ. ಪತ್ತಿನ ಸಂಘಗಳಲ್ಲಿ ಕಟ್ಟಿದ ಕಂತು ಸಾಮಾನ್ಯವಾಗಿ ಸಿಬಿಲ್‌ನಂಥ ಸಂಸ್ಥೆಗಳ ದಾಖಲೆಗೆ ಹೋಗುವುದಿಲ್ಲ. ಹತ್ತು ವರ್ಷ ತಪ್ಪದೆ ಕಟ್ಟಿದವರೂ ಗೃಹಸಾಲಕ್ಕೆ ಬ್ಯಾಂಕಿಗೆ ಹೋದಾಗ ‘ನಿಮಗೆ ಸಾಲದ ಇತಿಹಾಸವೇ ಇಲ್ಲ’ ಎನಿಸಿಕೊಳ್ಳುತ್ತಾರೆ. ಮುಂದೆ ಮನೆ ಕಟ್ಟುವ ಯೋಚನೆ ಇದ್ದರೆ ಒಂದು ಸಣ್ಣ ಸಾಲವನ್ನಾದರೂ ಬ್ಯಾಂಕಿನಲ್ಲೋ ಪಟ್ಟಣ ಸಹಕಾರಿ ಬ್ಯಾಂಕಿನಲ್ಲೋ ಮಾಡಿ ತೀರಿಸಿರಿ.

ಠೇವಣಿ: ಎರಡು ರೂಪಾಯಿ ಹೆಚ್ಚಿನ ಬೆಲೆ

5 ಲಕ್ಷಕ್ಕೆ ಬ್ಯಾಂಕಿನಲ್ಲಿ ಶೇ 7 ಸಿಕ್ಕರೆ ವರ್ಷಕ್ಕೆ 35,000. ಸೊಸೈಟಿಯಲ್ಲಿ ಶೇ 9 ಕೊಟ್ಟರೆ 45,000. ವರ್ಷಕ್ಕೆ 10,000 ಹೆಚ್ಚು ಬರುತ್ತದೆ ಎನ್ನುವುದು ಸುಳ್ಳಲ್ಲ. ಆ 10,000ಕ್ಕಾಗಿ 5 ಲಕ್ಷವನ್ನೂ ಪಣಕ್ಕಿಡುತ್ತಿದ್ದೀರಿ ಎನ್ನುವುದೂ ಸುಳ್ಳಲ್ಲ.

ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲಿ ಕೂಡ, ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರುವರಿಗೆ ಮೊದಲು ಅದು 1 ಲಕ್ಷ ಮಾತ್ರ ಇತ್ತು. ಅಸಲು, ಬಡ್ಡಿ, ಎಲ್ಲ ಶಾಖೆಗಳ ಎಲ್ಲ ಖಾತೆ ಸೇರಿ 5 ಲಕ್ಷ. ಹಾಗಾಗಿ ಒಂದು ಸಹಕಾರಿ ಬ್ಯಾಂಕಿನಲ್ಲಿ ನಾಲ್ಕು, ನಾಲ್ಕೂವರೆ ಲಕ್ಷಕ್ಕೆ ನಿಲ್ಲಿಸಿದರೆ ಬಡ್ಡಿಯೂ ವಿಮೆಯೊಳಗೇ ಉಳಿಯುತ್ತದೆ. ವಿಮೆ ಇದ್ದ ಮಾತ್ರಕ್ಕೆ ಹಣ ಬೇಕೆಂದಾಗ ಸಿಗುತ್ತದೆ ಎಂದಲ್ಲ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ತೆಗೆಯಬಹುದಾಗಿದ್ದದ್ದು 35,000 ರೂಪಾಯಿ. ಬಸವನಗುಡಿ, ಜಯನಗರದ ಕಡೆಯ ಎಷ್ಟೋ ನಿವೃತ್ತರ ಜೀವಮಾನದ ಉಳಿತಾಯ ಅದರಲ್ಲಿತ್ತು. ಇಂಥ ಸಂದರ್ಭದಲ್ಲಿ ವರ್ಷಗಟ್ಟಲೆ ಕಾಯಿಸದೆ 90 ದಿನಗಳೊಳಗೆ ವಿಮೆಯ ಮೊತ್ತ ಕೊಡಬೇಕು ಎಂಬ ತಿದ್ದುಪಡಿ ಬಂದದ್ದು 2021ರಲ್ಲಿ. ಅದು ಬಹಳ ದೊಡ್ಡ ಸಮಾಧಾನ, ಆದರೆ 5 ಲಕ್ಷದವರೆಗಿನವರಿಗೆ.

ಪತ್ತಿನ ಸಂಘ ಅಥವಾ ಸೌಹಾರ್ದ ಸಹಕಾರಿಯಲ್ಲಿ ಇಷ್ಟೂ ಇಲ್ಲ. ಅಲ್ಲಿ ನಿಮ್ಮ ಭದ್ರತೆ ಎಂದರೆ ಆಡಳಿತ ಮಂಡಳಿಯ ಪ್ರಾಮಾಣಿಕತೆ ಮತ್ತು ಸಾಲದ ವಸೂಲಿ. ಪ್ರಾಮಾಣಿಕರಾಗಿ ಐವತ್ತು ವರ್ಷ ನಡೆಸಿದ ಸಂಘಗಳು ಪ್ರತಿ ತಾಲೂಕಿನಲ್ಲೂ ಇವೆ. ಒಬ್ಬ ಅಧ್ಯಕ್ಷ ತನ್ನ ಬೇನಾಮಿಗಳಿಗೇ ಸಾಲ ಕೊಟ್ಟು ಮುಳುಗಿಸಿದ ಸಂಘಗಳೂ ಇವೆ. ಹೊರಗಿನಿಂದ ನೋಡಿದರೆ ಮುಳುಗುವ ಹಿಂದಿನ ದಿನದವರೆಗೂ ಎರಡೂ ಒಂದೇ ರೀತಿ ಕಾಣುತ್ತವೆ. ಅಧ್ಯಕ್ಷರು ನಮ್ಮವರು, ನಮ್ಮ ಜಾತಿಯವರು, ಮಠದ ಸ್ವಾಮಿಗಳೇ ಉದ್ಘಾಟನೆ ಮಾಡಿದ್ದು ಎನ್ನುವುದು ಯಾವ ಸುರಕ್ಷತೆಯೂ ಅಲ್ಲ. ಬಹುಪಾಲು ಜನ ಕಳೆದುಕೊಂಡದ್ದು ನಮ್ಮವರ ಹತ್ತಿರವೇ.

‘ಇಲ್ಲಿ ಟಿಡಿಎಸ್ ಇಲ್ಲ’ ಎನ್ನುವುದು ಸೊಸೈಟಿಗಳ ದೊಡ್ಡ ಆಕರ್ಷಣೆ. ಸದಸ್ಯರಿಗೆ ಕೊಡುವ ಬಡ್ಡಿಯಲ್ಲಿ ಸಣ್ಣ ಸಂಘಗಳು ತೆರಿಗೆ ಕಡಿತ ಮಾಡಬೇಕಾಗಿಲ್ಲ, ನಿಜ. ಸಹಕಾರಿ ಬ್ಯಾಂಕಾದರೆ ಉಳಿದ ಬ್ಯಾಂಕುಗಳಂತೆ ವರ್ಷದ ಬಡ್ಡಿ 50,000, ಹಿರಿಯ ನಾಗರಿಕರಿಗೆ 1 ಲಕ್ಷ ದಾಟಿದರೆ ಕಡಿತವಾಗುತ್ತದೆ. ಕಡಿತ ಇಲ್ಲ ಎಂದರೆ ತೆರಿಗೆ ಇಲ್ಲ ಎಂದಲ್ಲ, ಆ ಬಡ್ಡಿಯನ್ನು ನೀವೇ ಆದಾಯಕ್ಕೆ ಸೇರಿಸಿ ತೋರಿಸಬೇಕು. ಹಾಗೆಯೇ ಪತ್ತಿನ ಸಂಘವೊಂದು 20,000 ಅಥವಾ ಅದಕ್ಕಿಂತ ಹೆಚ್ಚಿನ ಠೇವಣಿಯನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ. ವಿಎಸ್‌ಎಸ್‌ಎನ್‌ನಂಥ ಪ್ರಾಥಮಿಕ ಕೃಷಿ ಪತ್ತಿನ ಸಂಘಕ್ಕೆ ಸದಸ್ಯರಿಂದ 2 ಲಕ್ಷದವರೆಗೆ ರಿಯಾಯಿತಿ ಇದೆ. ‘ಎಷ್ಟಿದ್ರೂ ಕ್ಯಾಶ್ ತನ್ನಿ, ಏನೂ ಕೇಳಲ್ಲ’ ಎನ್ನುವ ಸೊಸೈಟಿ ನಾಳೆ ನೀವು ಕೇಳಿದಾಗಲೂ ಏನೂ ಹೇಳದೆ ಇರಬಹುದು.

ಈ ಹೋಲಿಕೆಯಲ್ಲಿ ಎಲ್ಲರೂ ಮರೆಯುವ ಮೂರನೆಯವರು ಅಂಚೆ ಕಚೇರಿಯವರು. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 2025ರಲ್ಲಿ ಶೇ 8.2 ಇತ್ತು, 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ. ಇದಕ್ಕೆ ಕೇಂದ್ರ ಸರ್ಕಾರದ ಪೂರ್ತಿ ಖಾತರಿ ಇದೆ. ಸೊಸೈಟಿಯ ಶೇ 9ರ ಜೊತೆ ಹೋಲಿಸಬೇಕಾದದ್ದು ಬ್ಯಾಂಕಿನ ಶೇ 7 ಅಲ್ಲ, ಇದು. ಆಗ ವ್ಯತ್ಯಾಸ ಶೇ 1ಕ್ಕಿಂತ ಕೆಳಗೆ ಇಳಿಯುತ್ತದೆ. ಅಂಚೆ ಕಚೇರಿಯ ಸರ್ವರ್ ಬಗ್ಗೆ ನಾನು ಏನೂ ಹೇಳುವುದಿಲ್ಲ, ಒಂದು ಪುಸ್ತಕ ಓದಲು ತೆಗೆದುಕೊಂಡು ಹೋಗಿ.

ಫೋನಿನಲ್ಲಿ

ಇಲ್ಲಿ ಸೊಸೈಟಿ ಸೋಲುತ್ತದೆ, ಹೆಚ್ಚು ಬರೆಯುವ ಅಗತ್ಯವಿಲ್ಲ. ಪತ್ತಿನ ಸಂಘಕ್ಕೆ ತನ್ನದೇ ಐಎಫ್‌ಎಸ್‌ಸಿ ಇರುವುದಿಲ್ಲ, ಯಾವುದೋ ಬ್ಯಾಂಕಿನಲ್ಲಿ ಅದರದ್ದೇ ಒಂದು ಖಾತೆ ಇರುತ್ತದೆ. ಹಾಗಾಗಿ ಸಂಬಳ, ಗೃಹಲಕ್ಷ್ಮಿಯ ಹಣ, ಪಿಎಂ ಕಿಸಾನ್, ಗ್ಯಾಸ್ ಸಬ್ಸಿಡಿ ಯಾವುದೂ ಸೊಸೈಟಿಯ ಖಾತೆಗೆ ನೇರವಾಗಿ ಬರುವುದಿಲ್ಲ, ಫೋನ್‌ಪೇಗೆ ಆ ಖಾತೆ ಜೋಡಣೆಯಾಗುವುದಿಲ್ಲ. ದಿನನಿತ್ಯದ ವ್ಯವಹಾರಕ್ಕೆ ಆಧಾರ್ ಜೋಡಿಸಿದ ಒಂದು ಬ್ಯಾಂಕ್ ಖಾತೆ ಬೇಕೇ ಬೇಕು. ಕನಿಷ್ಠ ಬಾಕಿಯ ದಂಡಕ್ಕೆ ಹೆದರಿ ಬ್ಯಾಂಕು ಬಿಟ್ಟವರು ವಾಪಸ್ ಬರಬಹುದು. ಎಸ್‌ಬಿಐ 2020ರಲ್ಲಿ, ಕೆನರಾ ಬ್ಯಾಂಕು 2025ರ ಜೂನ್‌ನಲ್ಲಿ ಉಳಿತಾಯ ಖಾತೆಗಳಿಗೆ ಆ ದಂಡವನ್ನು ತೆಗೆದುಹಾಕಿವೆ. ಪಟ್ಟಣ ಸಹಕಾರಿ ಬ್ಯಾಂಕುಗಳಲ್ಲಿ ಅನೇಕವು ಯುಪಿಐ ಕೊಡುತ್ತಿವೆ, ಸಣ್ಣವು ಇನ್ನೂ ಕುಂಟುತ್ತಿವೆ. ಖಾತೆ ತೆರೆಯುವ ಮೊದಲು ಅಲ್ಲೇ ಕ್ಯೂನಲ್ಲಿ ನಿಂತ ಒಬ್ಬರನ್ನು ‘ಆ್ಯಪ್ ಕೆಲಸ ಮಾಡುತ್ತಾ’ ಎಂದು ಕೇಳಿ, ಮ್ಯಾನೇಜರನ್ನಲ್ಲ.

ಸದಸ್ಯರಾಗುವ ಮುನ್ನ

ಸೊಸೈಟಿಯ ವಾರ್ಷಿಕ ವರದಿ ಪುಸ್ತಕವನ್ನು ಕೇಳಿ ಪಡೆಯಿರಿ. ಸೆಪ್ಟೆಂಬರ್ ಹೊತ್ತಿಗೆ ಮಹಾಸಭೆಗಾಗಿ ಅಚ್ಚಾಗಿರುತ್ತದೆ, ಹೆಚ್ಚಿನವರು ಅದನ್ನು ಸಿಹಿ ಪೊಟ್ಟಣದ ಜೊತೆ ಮನೆಗೆ ತಂದು ಅಟ್ಟಕ್ಕೆ ಹಾಕುತ್ತಾರೆ. ಅದರಲ್ಲಿ ನಾನು ಮೊದಲು ನೋಡುವುದು ಲಾಭವನ್ನಲ್ಲ, ಸುಸ್ತಿ ಸಾಲದ ಪ್ರಮಾಣ. ದೊಡ್ಡ ಪಟ್ಟಣ ಸಹಕಾರಿ ಬ್ಯಾಂಕುಗಳಲ್ಲಿ ನಿವ್ವಳ ಎನ್‌ಪಿಎ, ಅಂದರೆ ನಷ್ಟಕ್ಕೆಂದು ತೆಗೆದಿಟ್ಟ ಹಣ ಕಳೆದು ಉಳಿದ ಸುಸ್ತಿ ಸಾಲ, ಶೇ 6ಕ್ಕೆ ಮುಟ್ಟಿದರೆ ರಿಸರ್ವ್ ಬ್ಯಾಂಕು ತಿದ್ದುವ ಕ್ರಮಕ್ಕೆ ಕೈಹಾಕುತ್ತದೆ, ಸೊಸೈಟಿಗಳಿಗೂ ನೀವು ಅದೇ ಅಳತೆಗೋಲು ಹಿಡಿಯಬಹುದು. ಆಮೇಲೆ ಲೆಕ್ಕಪರಿಶೋಧನೆಯ ವರ್ಗ: ‘ಎ’ ಆದರೆ ಸರಿ, ‘ಬಿ’ ಆದರೆ ಯಾಕೆ ಎಂದು ಕೇಳಿ, ‘ಸಿ’ ಆದರೆ ಬೇರೆ ಮನೆ ನೋಡಿ. ಮೂರನೆಯದು ನಿರ್ದೇಶಕರ ಪಟ್ಟಿ. ಒಂದೇ ಮನೆಯ ಮೂರು ಹೆಸರು, ಇಪ್ಪತ್ತು ವರ್ಷದಿಂದ ಬದಲಾಗದ ಅಧ್ಯಕ್ಷ, ಅವಿರೋಧ ಆಯ್ಕೆಯೇ ಹೆಮ್ಮೆ ಎನ್ನುವ ಮಾತು, ಇವು ನನಗೆ ಕಸಿವಿಸಿ ತರುತ್ತವೆ. ಮಹಾಸಭೆಯಲ್ಲಿ ಸ್ವಲ್ಪ ಗಲಾಟೆ ಆಗುವ ಸಂಘವನ್ನೇ ನಾನು ಹೆಚ್ಚು ನಂಬುತ್ತೇನೆ. ಸಭೆಗೆ ಹೋಗುವುದನ್ನು ಪದೇ ಪದೇ ತಪ್ಪಿಸಿದರೆ ಮತದಾನದ ಹಕ್ಕೂ ಹೋಗಬಹುದು ಎಂಬುದು ನೆನಪಿರಲಿ.

ನಿಮ್ಮನ್ನು ಯಾವ ವರ್ಗದ ಸದಸ್ಯರನ್ನಾಗಿ ಸೇರಿಸುತ್ತಾರೆ ಎಂದೂ ನೋಡಿ. ‘ನಾಮಮಾತ್ರ ಸದಸ್ಯ’ ಎಂದು ಸಣ್ಣ ಶುಲ್ಕಕ್ಕೆ ರಸೀದಿ ಹರಿದರೆ ನಿಮಗೆ ಮತವೂ ಇಲ್ಲ, ಡಿವಿಡೆಂಡೂ ಇಲ್ಲ, ಠೇವಣಿ ಇಡುವ ಭಾಗ್ಯ ಮಾತ್ರ.

ದೂರು ಕೊಡಬೇಕಾದರೆ ದಾರಿಗಳು ಬೇರೆ ಬೇರೆ. ಬ್ಯಾಂಕುಗಳ ಮೇಲೆ, 50 ಕೋಟಿ ಅಥವಾ ಅದಕ್ಕಿಂತ ಹೆಚ್ಚು ಠೇವಣಿ ಇರುವ ಪಟ್ಟಣ ಸಹಕಾರಿ ಬ್ಯಾಂಕುಗಳ ಮೇಲೂ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ದೂರು ವಿಚಾರಿಸುವ ಅಧಿಕಾರಿಗೆ ಖರ್ಚಿಲ್ಲದೆ ದೂರು ಕೊಡಬಹುದು, 14448ಕ್ಕೆ ಕರೆ ಮಾಡಿದರೆ ಮಾಹಿತಿ ಸಿಗುತ್ತದೆ. ಮೊದಲು ಬ್ಯಾಂಕಿಗೇ ಬರೆದು 30 ದಿನ ಕಾಯಬೇಕು. 1959ರ ಕಾಯ್ದೆಯ ಸೊಸೈಟಿಯಾದರೆ ಸಹಕಾರ ಸಂಘಗಳ ಸಹಾಯಕ ನಿಬಂಧಕರು ಅಥವಾ ಉಪನಿಬಂಧಕರ ಕಚೇರಿ, ಅಲ್ಲಿ 70ನೇ ಕಲಮಿನ ದಾವೆ. ವಕೀಲರ ಫೀಸು, ಮುಂದಕ್ಕೆ ಹೋಗುವ ತಾರೀಕು ಎಲ್ಲ ಇರುತ್ತದೆ. ಮಲ್ಟಿಸ್ಟೇಟ್ ಸಂಘಗಳಿಗೆ 2023ರ ತಿದ್ದುಪಡಿಯಿಂದ ಸಹಕಾರಿ ಒಂಬುಡ್ಸ್‌ಮನ್ ಬಂದಿದ್ದಾರೆ.

ಹಾಗಾದರೆ ಯಾರು ಎಲ್ಲಿ

ಹೊಲ ಇರುವವರು ವಿಎಸ್‌ಎಸ್‌ಎನ್ ಸದಸ್ಯತ್ವ ಬಿಡಬೇಡಿ. ಸಾಲ ಅಲ್ಲಿ, ಬೆಳೆ ಮಾರಿದ ಹಣ ಬ್ಯಾಂಕಿನಲ್ಲಿ. ಅಂಗಡಿ ಇಟ್ಟವರು ಪಿಗ್ಮಿಯನ್ನು ಊರಿನ ಸೊಸೈಟಿಯಲ್ಲಿ ಕಟ್ಟಿ. ಅದರ ಆಧಾರದ ಮೇಲೆ ಹಬ್ಬದ ಸರಕಿಗೆ ಸಾಲ ಎತ್ತಿ, ಪಿಗ್ಮಿ ತುಂಬಿದ ಕೂಡಲೇ ಹಣ ತೆಗೆಯಿರಿ, ಅಲ್ಲೇ ಎಫ್‌ಡಿ ಮಾಡಿಸಿ ಎಂಬ ಒತ್ತಾಯಕ್ಕೆ ಮಣಿಯಬೇಡಿ. ಸಂಬಳದವರಿಗೆ ತಮ್ಮ ಇಲಾಖೆಯ ನೌಕರರ ಪತ್ತಿನ ಸಂಘ ಇದ್ದರೆ ಕಂತು ಸಂಬಳದಲ್ಲೇ ಕಡಿತವಾಗುವುದರಿಂದ ವಸೂಲಿ ಗಟ್ಟಿ, ಸಾಲದ ಬಡ್ಡಿ ಹಿತಮಿತ. ಇವುಗಳಲ್ಲಿ ಒಂದಿಷ್ಟು ಠೇವಣಿ ಇಡಲು ನಾನು ಹೆದರುವುದಿಲ್ಲ. ಬೆಂಗಳೂರಿಗೋ ದುಬೈಗೋ ಹೋಗಿ, ಊರಿನ ಅಭಿಮಾನಕ್ಕೆ ಅಲ್ಲಿನ ಸೊಸೈಟಿಗೆ ಹಣ ಕಳಿಸುವವರು ಮಹಾಸಭೆಗೆ ಬರುವುದಿಲ್ಲ, ಊರಿನ ಗುಸುಗುಸು ಕೇಳಿಸುವುದಿಲ್ಲ, ಸುದ್ದಿ ತಿಳಿಯುವುದು ಕೊನೆಗೆ. ಅವರು ವಿಮೆಯ ಮಿತಿಯೊಳಗೆ ಸಹಕಾರಿ ಬ್ಯಾಂಕಿನಲ್ಲಿ ಇಟ್ಟರೆ ಸಾಕು.

ನಿವೃತ್ತರು ಮೊದಲು ಅಂಚೆ ಕಚೇರಿಯ ಹಿರಿಯ ನಾಗರಿಕರ ಖಾತೆ ತುಂಬಲಿ, ಆಮೇಲೆ ಎರಡು ಬ್ಯಾಂಕು. ಸೊಸೈಟಿಯ ಗೆಳೆಯರ ಮನಸ್ಸು ನೋಯಿಸಲಾಗದಿದ್ದರೆ, ಹೋದರೂ ರಾತ್ರಿ ನಿದ್ದೆ ಬರುವಷ್ಟು ಮೊತ್ತ ಅಲ್ಲಿರಲಿ. ಎಲ್ಲೇ ಇಟ್ಟರೂ ನಾಮಿನಿ ಹೆಸರು ಬರೆಸಿ. 2025ರ ನವೆಂಬರಿನಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ, ಯಾರಿಗೆ ಎಷ್ಟು ಪಾಲು ಎಂದು ನಮೂದಿಸಿ, ಹೆಸರಿಸಬಹುದು. ಸೊಸೈಟಿಯಲ್ಲಿ ಷೇರಿಗೆ ಬೇರೆ ನಾಮಿನಿ ಅರ್ಜಿ, ಠೇವಣಿಗೆ ಬೇರೆ. ಎರಡನ್ನೂ ತುಂಬಿ, ಸೆಕ್ರೆಟರಿಯ ಸಹಿ ಮತ್ತು ಮೊಹರಿನ ಪ್ರತಿಯನ್ನು ಕೈಗೆ ತೆಗೆದುಕೊಂಡೇ ಬನ್ನಿ.